ನಾ ಹೋಗದ ಕಾಶಿ

ಬೋರ್‌ವೆಲ್ ಕೊರಿಯೋದು ನನ್ನ ಕೆಲಸ. ಮೊನ್ನೆ ಹುಬ್ಬಳ್ಳಿಯಿಂದ ಧಾರವಾಡಕ್ಕ ಬಸ್ಸಿನ್ಯಾಗ ಹೊಂಟಿದ್ದೆ. ಬಾಜೂ ಸೀಟಿನ ಕಾಕಾ ಮೊಬೈಲ್‌ನ್ಯಾಗ ಒಂದು ವಿಡಿಯೋ ತೋರಿಸಿದ್ರು. ನೆಲದಿಂದ ನೀರು ಚಿಮ್ಮಾಕತ್ತಿತ್ತು. ಕೆಳಗ ‘ಕಾಶಿಯೊಳಗ ಗಂಗಾಮಾಯಿ ಪವಾಡ’ ಅಂತ ಬರದಿತ್ತು. ಅದು ನಮ್ಮೂರು ಗರಗದ ಹೊಲದಾಗ ನಾನೇ ತಗದ ವಿಡಿಯೋ.

“ಕಾಕಾ, ‘ಮಷಿನ್ ಬಂದ್ ಮಾಡೋ’ ಅಂತ ಒದರೋ ದನಿ ನಂದರಿ,” ಅಂದೆ.

ಕಾಕಾ ಮತ್ತೊಮ್ಮೆ ಕೇಳಿದ್ರು. “ಖರೇನರಿ. ಹಂಗಾರ ನೀವು ಕಾಶಿಗೆ ಹೋಗಿಬಂದವರು,” ಅಂತ ನನ್ನ ಕಾಲು ಮುಟ್ಟಾಕ ಬಗ್ಗಿದ್ರು.

ನಾ ಗಾಬರಿಯಾಗಿ ಕಾಲು ಸೀಟಿನ ಮ್ಯಾಲ ಎಳಕೊಂಡೆ. “ಕಾಶಿ ಅಲ್ಲರಿ, ಗರಗ. ಈ ಬಾಟ್ಲಿಯಾಗಿರೋದೂ ಅದೇ ಬೋರಿನ ನೀರು.”

ಬಾಟ್ಲಿ ಸುದ್ದಿ ಎತ್ತಬಾರದಿತ್ತು. ಧಾರವಾಡ ಮುಟ್ಟೂದ್ರಾಗ ಇಡೀ ಬಸ್ಸು ತೀರ್ಥ ತಗೊಂಡಿತ್ತು. ನೀರಡಿಸಿದ ನನಗ ಒಂದು ಗುಟುಕೂ ಉಳಿದಿರಲಿಲ್ಲ.