ಬರೀ ಹಿಟ್ಟು

ಮುಂಬಯಿ ಹತ್ತಿರದ ಉಲ್ಹಾಸನಗರದಲ್ಲಿ ಅಂಬಾರಾಯನನ್ನು ಹುಡುಕುವುದು ಕಷ್ಟವಲ್ಲ. ಬಿಚ್ಚಿಟ್ಟ ಗೇರ್‌ಬಾಕ್ಸಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಅದನ್ನೇ ಬೈಯುತ್ತಿರುವವನು ಯಾರೋ ಅವನೇ ಅಂಬಾರಾಯ. ಕಲಬುರಗಿ ಕಡೆಯಿಂದ ಬಂದಾಗ ಅವನಿಗೆ ಒಂಬತ್ತು ವರ್ಷ. ಅಪ್ಪ ಅವ್ವ ಪಕ್ಕದ ಕಲ್ಯಾಣ್ ಪಟ್ಟಣದ ಕಟ್ಟಡಗಳಿಗೆ ಇಟ್ಟಿಗೆ ಹೊತ್ತರು, ಇವನು ಬೆಳೆದು ಟ್ರಕ್ಕುಗಳ ಕೆಳಗೆ ತೂರಿ ಕೆಲಸ ಕಲಿತ. ಈಗ ಐವತ್ತು ದಾಟಿದೆ. ತಾನೇ ಗೇರ್ ಬದಲಿಸಿಕೊಳ್ಳುವ ಹಳೆಯ ಆಟೋಮ್ಯಾಟಿಕ್ ಗಾಡಿ ಕೆಟ್ಟರೆ ದೂರದ ಠಾಣೆ ಪಟ್ಟಣದವರೂ ಅವನ ಹತ್ತಿರವೇ ಬರುತ್ತಾರೆ. ಪೂರ್ತಿ ಕೆಟ್ಟ ಗಾಡಿ ಎಂದರೆ ಅವನಿಗೆ ಹಬ್ಬ. ಒಮ್ಮೆ ಕೆಟ್ಟು ಒಮ್ಮೆ ನೆಟ್ಟಗಿರುವ ಗಾಡಿ ಕಂಡರೆ ಮಾತ್ರ ಮೈ ಉರಿಯುತ್ತದೆ.

ಜಯಲತಾ ಅವರ ಹದಿನಾರು ವರ್ಷದ ಕೆಂಪು ಕಾರು ಅಂಥದ್ದು. ಉಡುಪಿ ಕಡೆಯ ಜಯಲತಾ ಇರುವುದು ಠಾಕುರ್ಲಿಯಲ್ಲಿ. ಚಿಕ್ಕಂದಿನ ಪೋಲಿಯೋದಿಂದ ಎಡಗಾಲಿಗೆ ಬಲವಿಲ್ಲ, ಕ್ಲಚ್ ಒತ್ತಲಾಗದು. ಕ್ಲಚ್ಚೇ ಇಲ್ಲದ ಈ ಕಾರು ಬಂದ ಮೇಲೆಯೇ ಅವರು ಯಾರ ದಾರಿಯನ್ನೂ ಕಾಯದೆ ಮನೆಯಿಂದ ಹೊರಟದ್ದು. ಈ ಮೇ ತಿಂಗಳಲ್ಲಿ ಅದು ಶೀಳ್ ಫಾಟಾ ಎಂಬ ಕೂಡುರಸ್ತೆಯ ಹತ್ತಿರ ಎರಡು ಸಲ ಜರ್ಕ್ ಹೊಡೆದು ಒಂದೇ ಗೇರಿಗೆ ಅಂಟಿಕೊಂಡಿತು. ಹಿಂದೆ ಲಾರಿಗಳ ಹಾರ್ನೋ ಹಾರ್ನು. ಬಂದ್ ಮಾಡಿ ಮತ್ತೆ ಶುರು ಮಾಡಿದರೆ ಏನೂ ಆಗಿಲ್ಲವೆಂಬಂತೆ ಹೊರಟಿತು. ಮಗ ರಿತೇಶ್ ಹೆದರಿಬಿಟ್ಟ.

"ಮಮ್ಮಿ, ಬಸ್ ಹೋ ಗಯಾ. ಸಂಡೇ ಕೋ ಬೇಚ್ ದೇಂಗೆ. ರಿಕ್ಷಾ ಸೇ ಜಾನಾ."

ಸಾಕು, ಭಾನುವಾರ ಕಾರು ಮಾರಿಬಿಡೋಣ, ರಿಕ್ಷಾದಲ್ಲಿ ಓಡಾಡು ಎಂಬ ಮಾತು. ಅವನದು ಪ್ರೀತಿಯೇ, ಸುಳ್ಳಲ್ಲ. ಆದರೆ ಬರುವ ಭಾನುವಾರ ಯಾರೋ ತನ್ನ ಕಾಲನ್ನು ಎರಡನೇ ಸಲ ಕಸಿದುಕೊಳ್ಳುತ್ತಾರೆ ಎಂದು ಜಯಲತಾಗೆ ಸಂಕಟವಾಯಿತು.

ಸೋಮವಾರ ಅವರು ಕಾರನ್ನು ಅಂಬಾರಾಯನ ಮುಂದೆ ತಂದು ನಿಲ್ಲಿಸಿದರು. ಅವನು ಗೇರ್ ಎಣ್ಣೆಯನ್ನು ಬೆರಳಿಗೆ ಹಚ್ಚಿ ಮೂಸಿದ. ಕೆಂಪಗಿತ್ತು, ಸುಟ್ಟ ವಾಸನೆ ಇರಲಿಲ್ಲ. ಒಂದು ಸುತ್ತು ಓಡಿಸಿದ. ಚಿನ್ನದಂಥ ಗಾಡಿ.

"ಎಂತ ಕರ್ಮ ಮಾರಾಯ್ರೆ, ಇಲ್ಲಿ ಬಂದು ಸಾಧು ಆಯ್ತಲ್ಲ!" ಎಂದು ಜಯಲತಾ ಗೊಣಗಿದರು.

ಅಲ್ಲಿಯವರೆಗೆ ಹಿಂದಿಯಲ್ಲಿ ಮಾತಾಡುತ್ತಿದ್ದ ಅಂಬಾರಾಯನ ಮುಖ ಅರಳಿತು. "ಅಕ್ಕಾರ, ಕನ್ನಡದೋರೇನ್ರಿ ನೀವು! ಹಂಗಾದ್ರ ಸರಿಯಾಗಿ ಕೇಳ್ತೀನಿ. ಎಡಗಡಿ ಸೀಟಿನ ಮುಂದ ಕಾಲಿಡೋ ಜಾಗದಾಗ, ಕಾರ್ಪೆಟ್ ಕೆಳಗ, ಗೇರ್ ಬದಲ್ ಮಾಡೋ ಕಂಪ್ಯೂಟರ್ ಡಬ್ಬಿ ಅದ. ಅಲ್ಲಿ ನೀರಿಂದೇನರ ಇಡ್ತೀರೇನು?"

"ನೀರು ಗೀರು ಎಂತದೂ ಇಲ್ಲಪ್ಪ. ಐರೋಲಿಯಲ್ಲಿ ತಮ್ಮನ ಕ್ಯಾಂಟೀನ್ ಉಂಟು. ಮಂಗಳವಾರ, ಶುಕ್ರವಾರ ಅದಕ್ಕೆ ಹಿಟ್ಟು ತಗೊಂಡು ಹೋಗ್ತೇನೆ. ಬರೀ ಹಿಟ್ಟು."

ಹಿಟ್ಟು ಎಂದರೆ ಅಂಬಾರಾಯನಿಗೆ ಜೋಳದ ಹಿಟ್ಟು, ಅವನ ಹೆಂಡತಿ ಚಂದವ್ವ ರೊಟ್ಟಿ ಬಡಿಯುವ ಒಣ ಹಿಟ್ಟು. ಸೀಟು ಕಳಚಿ ಕಾರ್ಪೆಟ್ ಎಬ್ಬಿಸುವ ಕೆಲಸ ತಪ್ಪಿತಲ್ಲ ಎಂದು ಖುಷಿಪಟ್ಟು ಬೇರೆ ಕಡೆ ಕೈಹಾಕಿದ. ಬ್ಯಾಟರಿಯ ತಂತಿ ನೋಡಿದ, ಗೇರಿನ ಸ್ವಿಚ್ಚು ಬಿಚ್ಚಿ ಕೂಡಿಸಿದ, ಬದಲಾಪುರದವರೆಗೆ ಮೂರು ಸಲ ಹೋಗಿ ಬಂದ. ಗುರುವಾರ ಸಂಜೆಯವರೆಗೂ ಕಾರು ಒಂದು ಸಲವೂ ಕೊಸರಲಿಲ್ಲ. ಅವನಿಗೆ ಅನ್ನ ಸೇರದಾಯಿತು.

ಶುಕ್ರವಾರ ಮಧ್ಯಾಹ್ನ ಅವನೇ ಕಾರನ್ನು ಠಾಕುರ್ಲಿಗೆ ಒಯ್ದ. "ನಾ ಹಿಂದ ಕೂಡ್ತೀನ್ರಿ. ನೀವು ದಿನಾ ಹೆಂಗ ಹೋಗ್ತೀರಿ, ಹಂಗೇ ನಡೀರಿ," ಎಂದ. ವಾಚ್‌ಮನ್ ಬಟ್ಟೆ ಮುಚ್ಚಿದ ಸ್ಟೀಲಿನ ಕ್ಯಾನೊಂದನ್ನು ತಂದು ಎಡ ಸೀಟಿನ ಮುಂದೆ ಕಾಲಿಡುವ ಜಾಗದಲ್ಲಿ ಇಟ್ಟು ಹೋದ. ಶೀಳ್ ಫಾಟಾದಲ್ಲಿ ಟ್ರಾಫಿಕ್ಕು ಮುಕ್ಕಾಲು ಗಂಟೆ ಹಿಡಿಯಿತು. ಒಳಗೆ ಕುದಿಯುವ ಸೆಕೆ. ಇದ್ದಕ್ಕಿದ್ದಂತೆ ಕ್ಯಾನಿನ ಮುಚ್ಚಳ ಮೆಲ್ಲಗೆ ಮೇಲೆದ್ದಿತು, ಬಿಳಿ ನೊರೆ ಹೊರಗೆ ಇಳಿಯಿತು.

"ಅಯ್ಯಯ್ಯೋ, ಹಿಟ್ಟು ಉಕ್ಕಿತು!"

ಜಯಲತಾ ಕಾರನ್ನು ಬದಿಗೆ ಹಾಕಿ, ಬಾಟಲಿಯ ನೀರು ಸುರಿದು ಗಸಗಸ ಉಜ್ಜಿ ಒರೆಸಿದರು. "ಪ್ರತಿ ಸಲ ಉಕ್ಕುವುದಿಲ್ಲ, ಟ್ರಾಫಿಕ್ ಇದ್ದರೆ ಮಾತ್ರ. ಉಕ್ಕಿದ ಕೂಡಲೇ ತೊಳೀತೇನೆ. ನಾನೇನು ಕೊಳಕಿ ಅಲ್ಲ ಮಾರಾಯ್ರೆ."

"ಹಿಟ್ಟು ಅಂದ್ರ ಇದೇನ್ರಿ?"

"ಮತ್ತೆಂತ? ಇಡ್ಲಿ ಹಿಟ್ಟು!"

ಅಂಬಾರಾಯ ಹಣೆ ಹಣೆ ಬಡಿದುಕೊಂಡು ನಕ್ಕ. "ನಾ ಜೋಳದ ಹಿಟ್ಟು ಅಂದ್ಕೊಂಡು ನಾಕು ದಿನ ಹಾಳ್ ಮಾಡ್ದೆ, ಯವ್ವಾ!"

ಕ್ಯಾಂಟೀನಿಗೆ ಹಿಟ್ಟು ಕೊಟ್ಟು ಮರಳುವಾಗ, ಮಹಾಪೆ ದಾಟಿದೊಡನೆ ಕಾರು ಜರ್ಕ್ ಹೊಡೆಯಿತು. ಗೇರಿನ ದೀಪ ಮಿಟುಕಿತು. ಹಿಂದಿನ ಸೀಟಿನಿಂದ ಚಪ್ಪಾಳೆ ಕೇಳಿಸಿತು.

"ಬಂತ್ರೀ ಅಕ್ಕಾರ, ಬಂತು! ಸಿಕ್ತು ಕಳ್ಳ!"

ಶನಿವಾರ ಕಾರ್ಪೆಟ್ ಎಬ್ಬಿಸಿದಾಗ ಗ್ಯಾರೇಜೆಲ್ಲ ಹುಳಿ ವಾಸನೆ. ಡಬ್ಬಿಗೆ ಸೇರುವ ತಂತಿಗಳ ಬಾಯಲ್ಲಿ ಹಸಿರು ಕಿಲುಬು ಹಿಡಿದಿತ್ತು, ಒಣಗಿದ ಇಡ್ಲಿ ಹಿಟ್ಟಿನ ಚೂರುಗಳಿದ್ದವು. ಉಕ್ಕಿದ ಹಿಟ್ಟೂ ತೊಳೆದ ನೀರೂ ಅಲ್ಲಿಗೇ ಇಳಿದಿದ್ದವು; ಒದ್ದೆಯಾದಾಗ ಕಾರು ಕೊಸರುವುದು, ಒಣಗಿದರೆ ನೆಟ್ಟಗಾಗುವುದು. ಗೇರ್‌ಬಾಕ್ಸು ಪಾಪ, ಏನೂ ಅರಿಯದ್ದು. ಅಂಬಾರಾಯ ಎಲ್ಲವನ್ನೂ ತೊಳೆದು ಒಣಗಿಸಿ, ಡಬ್ಬಿಯನ್ನು ಡ್ಯಾಶ್‌ಬೋರ್ಡಿನ ಹಿಂದೆ ಎತ್ತರದಲ್ಲಿ ಕೂಡಿಸಿದ. ಸಂಜೆ ಪರೀಕ್ಷೆ ನಡೆಯಿತು. ಜಯಲತಾ ಸ್ಟಿಯರಿಂಗ್ ಹಿಡಿದರು, ಪಕ್ಕದಲ್ಲಿ ರಿತೇಶ್ ತುಂಬಿದ ಕ್ಯಾನನ್ನು ತೊಡೆಯ ಮೇಲೆ ಅಪ್ಪಿಕೊಂಡು ಕೂತ. ಐರೋಲಿಗೆ ಹೋಗಿ ಬರುವಷ್ಟರಲ್ಲಿ ಅವನ ಪ್ಯಾಂಟು ಬೆಳ್ಳಗಾಗಿತ್ತು. ಕಾರು ಮಾತ್ರ ಒಮ್ಮೆಯೂ ತಡವರಿಸಲಿಲ್ಲ. ಅದನ್ನು ಕೊಳ್ಳಲು ಒಪ್ಪಿದ್ದವನಿಗೆ ರಿತೇಶನೇ ಫೋನ್ ಮಾಡಿ ಬರಬೇಡ ಎಂದ.

ಭಾನುವಾರ ಬೆಳಿಗ್ಗೆ ಅಂಬಾರಾಯನ ಗಲ್ಲಿಯಲ್ಲಿ ಹಾರ್ನ್ ಕೇಳಿಸಿತು. ಕೆಂಪು ಕಾರಿನಲ್ಲಿ ಜಯಲತಾ ಒಬ್ಬರೇ. ಕಿಟಕಿಯಿಂದ ಒಂದು ಡಬ್ಬಿ ಹೊರಗೆ ಬಂತು.

"ಚಂದವ್ವನವರಿಗೆ ಕೊಡಿ. ಹಿಟ್ಟು."

ಅಂಬಾರಾಯ ಕೈಚಾಚಲಿಲ್ಲ. "ಒಣದೇನ್ರಿ, ಹಸೀದೇನ್ರಿ?"

ಜಯಲತಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಇಕ್ಕಟ್ಟಿನ ಆ ಗಲ್ಲಿಯಿಂದ, ಯಾರಿಗೂ ಹಿಂದೆ ನೋಡು ಎನ್ನದೆ, ತಾವೇ ರಿವರ್ಸ್ ತೆಗೆದುಕೊಂಡು ಹೋದರು.