ಅಪ್ಪ ಕಾನ್ಹೇರಿ ಗುಡ್ಡ ಹತ್ತಿದ ದಿನ

ನಾವು ಮುಂಬಯಿಯ ವಡಾಲದ ಚಾಳಿನಲ್ಲಿದ್ದ ಕಾಲದಲ್ಲಿ, ಬೇಸಿಗೆ ರಜೆ ಬಂತೆಂದರೆ ಮಕ್ಕಳಲ್ಲಿ ಎರಡು ಪಂಗಡ ಆಗುತ್ತಿತ್ತು: ಊರಿಗೆ ಹೋಗುವವರು, ಇಲ್ಲೇ ಉಳಿಯುವವರು. ನಾನು ನಾಲ್ಕನೇ ಇಯತ್ತೆ ಮುಗಿಸಿದ ವರ್ಷ, ಎಪ್ಪತ್ತರ ದಶಕದ ಮೊದಲಿಗೆ, ನಾವು ಉಳಿಯುವವರಾದೆವು. ಬಂದರಿನ ಗೋದಾಮುಗಳ ಕಡೆಯಿಂದ ಗೋಧಿ ಧೂಳಿನ ವಾಸನೆ ಬರುತ್ತಿತ್ತು. ಗ್ಯಾಲರಿಯ ತುಂಬ ಸಂಡಿಗೆ ಒಣಗುತ್ತಿತ್ತು. ಕಾಗೆ ಓಡಿಸುವ ನೆಪದಲ್ಲಿ ನಾವು ಹುಡುಗಿಯರು ಅಲ್ಲೇ ಇಟ್ಟಿಗೆ ಚೂರಿನಿಂದ ಮನೆ ಬರೆದು ಕುಂಟಬಿಲ್ಲೆ ಆಡುತ್ತಿದ್ದೆವು.

ಬಿಜಾಪುರದ ಕಡೆಯ ನಮ್ಮೂರಿಗೆ ಆ ವರ್ಷ ಹೋಗದಿರಲು ಅಪ್ಪನೇ ಕಾರಣ. ಅಪ್ಪ ಗೌಂಡಿ. ದೊಡ್ಡ ಬಿಲ್ಡಿಂಗುಗಳ ಹೊರಗೋಡೆಗೆ ಗಿಲಾವು ಮಾಡುವುದರಲ್ಲಿ ಅವನ ಕೈ ಹೆಸರುವಾಸಿ. ಹಿಂದಿನ ಚಳಿಗಾಲದಲ್ಲಿ ಅವನು ನಿಂತಿದ್ದ ಪರಾಂಚಿಯ, ಅಂದರೆ ಗೋಡೆಗೆ ಕಟ್ಟಿದ ಬಿದಿರಿನ ಅಟ್ಟಣೆಯ, ಹಗ್ಗ ಸಡಿಲವಾಗಿ, ಮೇಲಿನಿಂದ ಮರಳಿನ ರಾಶಿಯ ಅಂಚಿಗೆ ಬಿದ್ದ. ತೊಡೆಯ ಎಲುಬು ಮುರಿಯಿತು. ಯುಗಾದಿ ಹೊತ್ತಿಗೆ ಎಲುಬು ಕೂಡಿತು, ನಡಿಗೆಯೂ ಸರಿಹೋಯಿತು. ಆದರೆ ಅಪ್ಪ ಕೆಲಸಕ್ಕೆ ಹೋಗಲಿಲ್ಲ.

ಕಾರಣವನ್ನು ಯಾರೂ ನನಗೆ ಹೇಳಲಿಲ್ಲ, ನಾನೇ ನೋಡಿ ತಿಳಿದುಕೊಂಡೆ. ಮೊದಲೆಲ್ಲ ಸಂಜೆ ಮೇಲಿನ ಮಹಡಿಯ ನಮ್ಮ ಗ್ಯಾಲರಿಯ ಕಟಕಟೆಗೆ ಒರಗಿ ಬೀಡಿ ಸೇದುತ್ತಿದ್ದ ಅಪ್ಪ, ಈಗ ಅದರ ಹತ್ತಿರವೇ ಸುಳಿಯುತ್ತಿರಲಿಲ್ಲ. ಗೋಡೆಗೆ ಭುಜ ಒತ್ತಿಕೊಂಡು ನಮ್ಮ ಖೋಲಿಯವರೆಗೆ ಬರುತ್ತಿದ್ದ. ಸ್ಟೇಷನ್ನಿನ ಸೇತುವೆ ಬಿಟ್ಟು ಅಷ್ಟು ದೂರದ ರೈಲ್ವೆ ಫಾಟಕು ಸುತ್ತಿ ಹೋಗುತ್ತಿದ್ದ. ಅವನ ಜೊತೆ ಕೆಲಸ ಮಾಡುತ್ತಿದ್ದ ದಸ್ತಗೀರ ಕಾಕಾ ವಾರಕ್ಕೊಮ್ಮೆ ಬಂದು ಬಾಗಿಲಲ್ಲಿ ಕೂತು ಚಹಾ ಕುಡಿಯುತ್ತ ಊರ ಸುದ್ದಿ ಹೇಳುತ್ತಿದ್ದರು. ಹೊರಡುವಾಗ ಮಾತ್ರ, ಏನೋ ಈಗಷ್ಟೇ ನೆನಪಾದವರ ಹಾಗೆ, "ಮೇಸ್ತ್ರಿ, ವಿಕ್ರೋಳಿ ಮೇ ಕಾಮ್ ಸುರೂ ಹೋರಾ. ಸೋಮವಾರ ಬರ್ತೀರೇನು?" ಎನ್ನುತ್ತಿದ್ದರು. ಅಪ್ಪ ನೋಡೋಣು ಎನ್ನುತ್ತಿದ್ದ. ಸೋಮವಾರ ಬಂದರೆ ಹಾಸಿಗೆಯಿಂದ ಏಳುತ್ತಲೇ ಇರಲಿಲ್ಲ.

ಪಕ್ಕದ ಖೋಲಿಯ ಶಾಂತಾ ಮಾವಶಿ ಮರಾಠಿಯವಳು. ಅವಳ ಮನೆಯವರೆಲ್ಲ ಬೌದ್ಧ ಧರ್ಮ ತೆಗೆದುಕೊಂಡವರು. ಪ್ರತಿ ವರ್ಷ ಬುದ್ಧ ಪೌರ್ಣಿಮೆಗೆ ಅವಳು ಬಿಳಿ ಸೀರೆ ಉಟ್ಟು ಬೋರಿವಲಿಯ ಕಾಡಿನೊಳಗಿನ ಕಾನ್ಹೇರಿ ಗುಡ್ಡಕ್ಕೆ ಹೋಗಿ ಬುದ್ಧನ ಮುಂದೆ ಮೇಣಬತ್ತಿ ಹಚ್ಚಿ ಬರುತ್ತಿದ್ದಳು. ಆ ವರ್ಷ ನಮ್ಮನ್ನೂ ಕರೆದಳು. ಅವ್ವ ಕೂಡಲೇ ಹೂಂ ಎಂದಳು. ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದರೆಂದು ಆಮೇಲೆ ತಿಳಿಯಿತು. ಅಪ್ಪನಿಗೆ ಅವ್ವ ಹೇಳಿದ್ದು ಒಂದೇ ಮಾತು: ಕಾಡಿನಲ್ಲಿ ಹಳೆಯ ಗುಡಿ ಇದೆ, ಹೆಂಗಸರೇ ಹೋಗುವುದು ಸರಿಯಲ್ಲ. ಗುಡ್ಡದ ಸುದ್ದಿ ಎತ್ತಲೇ ಇಲ್ಲ.

ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಕಟ್ಟಿಕೊಂಡು ಬೆಳಗಿನ ಗಾಡಿ ಹಿಡಿದೆವು. ಬಾಂದ್ರಾದಲ್ಲಿ ಗಾಡಿ ಬದಲಿಸಲು ಸೇತುವೆ ಹತ್ತಲೇಬೇಕಿತ್ತು. ಅಪ್ಪ ನನ್ನ ಭುಜ ಹಿಡಿದುಕೊಂಡು ಜನರ ನಡುವೆ ನಡೆದ. ಅವನ ಬೆರಳು ನನ್ನ ಮೂಳೆಗೇ ಒತ್ತುತ್ತಿದ್ದವು. ನೋವಾದರೂ ನಾನು ಭುಜ ಬಿಡಿಸಿಕೊಳ್ಳಲಿಲ್ಲ.

ಬೋರಿವಲಿಯಿಂದ ನಡಿಗೆ. ಬಿಸಿಲಿಗೆ ಎಲೆ ಉದುರಿಸಿದ ಸಾಗವಾನಿ ಮರಗಳು, ಕಾಲಿಗೆ ಸಿಕ್ಕಿ ಮುರಿಯುವ ಒಣ ಎಲೆಗಳ ಸಪ್ಪಳ. ದಾರಿಯ ಬದಿಯ ಪೊದೆಗಳಲ್ಲಿ ಕವಳೆ ಹಣ್ಣು ಕಪ್ಪಗಾಗಿದ್ದವು. ಕಿತ್ತು ಬಾಯಿಗೆ ಹಾಕಿಕೊಂಡರೆ ಹುಳಿ ಸಿಹಿ ರಸ ತುಟಿಗೆ ಅಂಟುತ್ತಿತ್ತು. ಬಿಳಿ ಬಟ್ಟೆಯ ಜನ ಹಾಡಿಕೊಳ್ಳುತ್ತ ನಮ್ಮ ಹಿಂದೆ ಮುಂದೆ ನಡೆಯುತ್ತಿದ್ದರು. ಒಂದು ತಿರುವಿನಲ್ಲಿ ಮರಗಳು ಮುಗಿದು ಕರಿಯ ಬಂಡೆಯ ಗುಡ್ಡ ಎದುರಿಗೆ ಬಂತು, ಮೈತುಂಬ ಬಂಡೆ ಕೊರೆದು ಮಾಡಿದ ಗುಹೆಗಳ ಬಾಗಿಲುಗಳು. ಅಪ್ಪ ಅವ್ವನ ಮುಖ ನೋಡಿದ. ಅವ್ವ ಮುಂದೆ ನಡೆದಳು.

ಕೆಳಗಿನ ದೊಡ್ಡ ಗುಹೆಯವರೆಗೆ ಅಪ್ಪ ಬಂದ. ಬಾಗಿಲ ಎರಡೂ ಬದಿಗೆ ಮೂರಾಳು ಎತ್ತರದ ಬುದ್ಧ ನಿಂತಿದ್ದ. ಒಳಗೆ ಸಾಲು ಕಂಬಗಳು, ಕೊನೆಯಲ್ಲಿ ಬಂಡೆಯಲ್ಲೇ ಕಡೆದ ದುಂಡನೆಯ ಸ್ತೂಪ. ಹೊರಗಿನ ಉರಿಬಿಸಿಲಿಗೆ ಒಳಗಿನ ತಂಪು ಮೈಮೇಲೆ ನೀರು ಸುರಿದಂತಿತ್ತು. ಶಾಂತಾ ಮಾವಶಿ ಮೇಣಬತ್ತಿ ಹಚ್ಚಿ ಕಣ್ಣು ಮುಚ್ಚಿ ಕುಳಿತಳು. ಜನರ ಪ್ರಾರ್ಥನೆ ಛಾವಣಿಗೆ ಬಡಿದು ದುಪ್ಪಟ್ಟಾಗಿ ನಮ್ಮ ಮೇಲೆ ಇಳಿಯಿತು. ಅಪ್ಪ ಕಂಬಕ್ಕೆ ಒರಗಿ ನೆಮ್ಮದಿಯಿಂದ ಕುಳಿತ. ಎಷ್ಟೋ ದಿನದ ಮೇಲೆ ಅವನ ಮುಖ ಸಡಿಲವಾಗಿದ್ದನ್ನು ನೋಡಿದೆ.

ಆಮೇಲೆ ಅವ್ವ, ತುದಿಯಿಂದ ಸಮುದ್ರ ಕಾಣುತ್ತದಂತೆ, ನಾವು ನೋಡಿ ಬರುತ್ತೇವೆ ಎಂದು ಎದ್ದಳು. ಅಪ್ಪ ಬರುವುದಿಲ್ಲ ಎಂದ. ಅವ್ವ ನನ್ನ ಕೈ ಹಿಡಿದು ಹೊರಟಳು. ಮೇಲಿನಿಂದ ಕೂಗಿ ಕೆಣಕಿದರೆ ಬಂದೇ ಬರುತ್ತಾನೆ ಎಂಬುದು ಅವಳ ಲೆಕ್ಕ.

ಮೆಟ್ಟಿಲುಗಳನ್ನು ಬಂಡೆಯಲ್ಲೇ ಕೊರೆದಿದ್ದರು. ತುಳಿದು ತುಳಿದು ನುಣುಪಾಗಿದ್ದವು. ಹಿಡಿದುಕೊಳ್ಳಲು ಏನೂ ಇರಲಿಲ್ಲ. ಒಂದು ಕಡೆ ಬಂಡೆ ಜಾರುತ್ತ ಹೋಗಿ ಒಣಗಿದ ಹಳ್ಳಕ್ಕೆ ಇಳಿದಿತ್ತು. ನಾನು ಆಡಿನ ಮರಿಯಂತೆ ಹತ್ತುತ್ತಿದ್ದೆ. ಅರ್ಧ ದಾರಿಯಲ್ಲಿ ಹಿಂದೆ ತಿರುಗಿದರೆ ಅವ್ವ ಕೂತುಬಿಟ್ಟಿದ್ದಳು. ಎರಡೂ ಅಂಗೈ ಬಂಡೆಗೆ ಒತ್ತಿ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದಳು. ಸಪಾಟು ಬಯಲಿನಲ್ಲಿ ಬೆಳೆದ ಅವಳು ಅದುವರೆಗೆ ಇಂಥ ಗುಡ್ಡ ಹತ್ತಿದವಳೇ ಅಲ್ಲ.

"ಕಸ್ತೂರಿ, ನನ್ನ ಕೈಲೆ ಆಗಂಗಿಲ್ಲ. ಮ್ಯಾಲೂ ಬರಾಕ ಆಗಂಗಿಲ್ಲ, ಕೆಳಗೂ ಇಳಿಯಾಕ ಆಗಂಗಿಲ್ಲ. ನಿಮ್ಮಪ್ಪನ್ನ ಕರಿ."

ನಾನು ಓಡಿ ಇಳಿದು ಅಪ್ಪನಿಗೆ ಹೇಳಿದೆ. ಅವನು ಎದ್ದು ಹೊರಗೆ ಬಂದು, ಮೆಟ್ಟಿಲ ಬುಡದಲ್ಲಿ ನಿಂತು ಮೇಲೆ ನೋಡಿದ. ಅವ್ವನ ಹಸಿರು ಸೀರೆ ಕರಿ ಬಂಡೆಗೆ ಅಂಟಿದಂತೆ ಕಾಣುತ್ತಿತ್ತು. ಅಪ್ಪನ ಕುತ್ತಿಗೆಯ ಮೇಲೆ ಬೆವರು ಇಳಿಯಿತು. ಅವನು ಚಪ್ಪಲಿ ಬಿಟ್ಟ. ಮೊದಲ ಕೆಲವು ಮೆಟ್ಟಿಲುಗಳನ್ನು ಕೈ ಊರಿ, ಮಗುವಿನ ಹಾಗೆ ಹತ್ತಿದ. ನಡುವೆ ಒಮ್ಮೆ ನಿಂತ. ಎಷ್ಟು ಹೊತ್ತು ನಿಂತನೆಂದರೆ ಇನ್ನು ಇಳಿದೇ ಹೋಗುತ್ತಾನೆ ಅಂದುಕೊಂಡೆ. ಆಮೇಲೆ ಬೆನ್ನು ನೇರ ಮಾಡಿ ನಡೆದ.

ಅವ್ವನ ಪಕ್ಕದಲ್ಲಿ, ಹಳ್ಳ ಅವಳಿಗೆ ಕಾಣದ ಹಾಗೆ ಅಡ್ಡ ಕುಳಿತ.

"ಕಣ್ಣ ತಗಿ. ಕೆಳಗ ನೋಡಬ್ಯಾಡ, ನನ್ನ ನೋಡು."

"ಇಳಸ್ರಿ ನನ್ನ," ಎಂದಳು ಅವ್ವ.

"ಇಳಿಯೋದಾದ್ರ ಕೆಳಗ ನೋಡಬೇಕಾಗತೈತಿ. ಹತ್ತೋದ ಸಸಾರ. ನನ್ನ ಅಂಗಿ ಹಿಡಕೋ."

ಅಪ್ಪ ಮುಂದೆ, ಅವನ ಅಂಗಿಯ ತುದಿ ಹಿಡಿದು ಅವ್ವ, ಅವಳ ಹಿಂದೆ ನಾನು. ಪ್ರತಿ ಮೆಟ್ಟಿಲಿಗೂ ಅಪ್ಪ ಎಲ್ಲಿ ಕಾಲಿಡಬೇಕೆಂದು ಹೇಳುತ್ತಿದ್ದ, ಮೊದಲು ಕೆಲಸದ ಮೇಲೆ ಹೊಸಬರಿಗೆ ಹೇಳುತ್ತಿದ್ದ ಅದೇ ದನಿಯಲ್ಲಿ.

ತುದಿ ಸಪಾಟಾಗಿತ್ತು. ಗಾಳಿ ಜೋರಾಗಿ ಬಂದು ಬೆವರಿದ ಮೈಗೆ ತಾಗಿತು. ಕೆಳಗೆ ಕಾಡು, ಅದರಾಚೆ ಬೋರಿವಲಿಯ ಹೆಂಚಿನ ಮನೆಗಳು, ಅದಕ್ಕೂ ಆಚೆ ತಗಡು ಹಾಸಿದಂತೆ ಹೊಳೆಯುವ ನೀರು. ಅಪ್ಪ ಅಂಚಿನಿಂದ ಸ್ವಲ್ಪ ಹಿಂದೆ ನಿಂತು ನೋಡಿದ. ಬಿದ್ದ ದಿನದ ಬಗ್ಗೆ ಅವನು ಮೊದಲ ಬಾರಿ ಮಾತಾಡಿದ್ದು ಅಲ್ಲೇ. ಬೀಳುವಾಗ ಏನೂ ಅನಿಸಲಿಲ್ಲವಂತೆ. ಬಿದ್ದ ಮೇಲೆ, ಮೇಲಿದ್ದವರು ಬಗ್ಗಿ ನೋಡುತ್ತಿದ್ದ ಮುಖಗಳೇ ಕಣ್ಣಿಗೆ ಕಟ್ಟಿವೆಯಂತೆ. ಎತ್ತರ ಕಂಡಾಗೆಲ್ಲ ಅವೇ ಮುಖ ಕಾಣುತ್ತಿದ್ದವಂತೆ.

"ಈಗ?" ಎಂದು ಕೇಳಿದಳು ಅವ್ವ.

"ಈಗ ನಿನ್ನ ಮುಖಾನ ನೋಡಬೇಕಾತಲ್ಲ."

ಅವ್ವ ನಕ್ಕಳು. ಶಾಂತಾ ಮಾವಶಿಯೂ ಏದುಸಿರು ಬಿಡುತ್ತ ಬಂದು ಸೇರಿದಳು. ನಾಲ್ವರೂ ಬಂಡೆಯ ಮೇಲೆ ಕೂತು ರೊಟ್ಟಿ ಬಿಚ್ಚಿದೆವು. ಅವಳು ತಂದ ಮಾವಿನ ಕೈರಿ ಉಪ್ಪಿನಕಾಯಿಗೆ ಅಪ್ಪ ಇನ್ನೆರಡು ರೊಟ್ಟಿ ಬೇಡಿ ತಿಂದ.

ಅಂಜಿಕೆ ಒಂದೇ ದಿನಕ್ಕೆ ಹೋಗಲಿಲ್ಲ. ಆದರೆ ಮುಂದಿನ ಸಲ ದಸ್ತಗೀರ ಕಾಕಾ ಬಂದು ಕೇಳಿದಾಗ ಅಪ್ಪ, ಪರಾಂಚಿಯ ಹಗ್ಗಗಳನ್ನು ತಾನೇ ಕಟ್ಟುವುದಾದರೆ ಬರುತ್ತೇನೆ ಎಂದ. ವಿಕ್ರೋಳಿಯಲ್ಲಿ ಮೊದಲು ಕೆಳಗಿನ ಮಹಡಿ, ಮಳೆಗಾಲ ಕಳೆದ ಮೇಲೆ ಅದರ ಮೇಲಿನದು. ದೀಪಾವಳಿಗೆ ತುದಿ ಮುಟ್ಟಿದ. ಆ ಮೇಲೆ ಎಷ್ಟೋ ವರ್ಷ ಈ ಮುಂಬಯಿಯ ಗೋಡೆಗಳಿಗೆ ಗಿಲಾವು ಮಾಡಿದ. ದೊಡ್ಡವಳಾದ ಮೇಲೆ ನಾನು ಅವ್ವನನ್ನು ಕೇಳಿದ್ದೆ, ಅವತ್ತು ಬೇಕೆಂದೇ ಕೂತೆಯಾ ಎಂದು. ಅವ್ವನಿಗೆ ಸಿಟ್ಟು ಬಂತು. "ನಾಟಕ ಮಾಡಾಕ ನನಗ ಎಲ್ಲಿ ಬರತೈತಿ? ಖರೇನ ಜೀವ ಹೋಗಿತ್ತು."

ಈಗ ಅವರಿಬ್ಬರೂ ಇಲ್ಲ. ಗುಡ್ಡದ ಬುಡದವರೆಗೂ ಬಸ್ಸು ಹೋಗುತ್ತದೆ. ತುದಿಯಲ್ಲಿ ನಿಂತರೆ ಟವರುಗಳ ಸಂದಿಯಲ್ಲಿ ನೀರನ್ನು ಹುಡುಕಬೇಕು. ಅದು ನನಗೆ ದೊಡ್ಡ ನಷ್ಟವಲ್ಲ, ನಷ್ಟವೆಂದರೆ ಆ ಚಾಳಿನದು. ಅಪ್ಪನ ಅಂಜಿಕೆ ಇಡೀ ಚಾಳಿಗೆ ಗೊತ್ತಿತ್ತು. ಯಾರೂ ಅದನ್ನು ಆಡಿ ತೋರಿಸಲಿಲ್ಲ, ಯಾರೂ ಅವನನ್ನು ಬಿಟ್ಟುಕೊಡಲೂ ಇಲ್ಲ. ಈಗ ನಾನಿರುವುದು ಅದೇ ಬೋರಿವಲಿಯ ಒಂದು ಟವರಿನಲ್ಲಿ. ನಮ್ಮ ಎದುರು ಬಾಗಿಲಿನ ಯಜಮಾನರು ತಿಂಗಳುಗಳಿಂದ ಮನೆ ಬಿಟ್ಟು ಹೊರಗೆ ಬಂದಿಲ್ಲವೆಂಬುದು ಮೊನ್ನೆ ವಾಚ್‌ಮನ್ ಹೇಳಿ ನನಗೆ ತಿಳಿಯಿತು. ಯಾಕೆಂದು ಅವನಿಗೂ ಗೊತ್ತಿರಲಿಲ್ಲ. ಅವತ್ತೇ ಸಂಜೆ ಹೋಗಿ ಬೆಲ್ ಒತ್ತಿದೆ. ಒಳಗಿನಿಂದ ಯಾರು, ಏನು ಕೆಲಸ ಎಂದು ಕೇಳಿದರು. ಕೆಲಸ ಏನೂ ಇಲ್ಲ, ಎದುರು ಮನೆಯವಳು, ಮಾತಾಡಿಸಿ ಹೋಗೋಣ ಅಂತ ಬಂದೆ ಎಂದೆ. ಒಳಗೆ ಯಾರೋ ಕಾಲೆಳೆಯುತ್ತ ಬಾಗಿಲ ಹತ್ತಿರ ಬಂದರು. ಆಮೇಲೆ ಚಿಲಕ ತೆಗೆಯುವ ಸಪ್ಪಳ ಕೇಳಿಸಿತು.