ತೆಕ್ಕಲಕೋಟೆಯ ದಾರಿಯಲ್ಲಿ ಕೇಳಿದ ಕತೆ

ಎಪ್ಪತ್ತರ ದಶಕದ ಒಂದು ಬೇಸಿಗೆ. ಬೆಳಿಗ್ಗೆ ಆರಕ್ಕೇ ಬಳ್ಳಾರಿ ಕಂಟೋನ್ಮೆಂಟಿನ ಮನೆಯಿಂದ ಜೀಪಿನಲ್ಲಿ ಪಂಪ್‌ಸೆಟ್ಟಿನ ಬಿಡಿಭಾಗ ಹೇರಿಕೊಂಡು ಸಿರುಗುಪ್ಪಕ್ಕೆ ಹೊರಟೆ. ಸುಮಾರು ಮೂವತ್ತೈದು ಮೈಲಿ. ಅಂಗಡಿಗಳಿಗೆ ಮಾಲು ಇಳಿಸುವಷ್ಟರಲ್ಲಿ ಹನ್ನೊಂದಾಯಿತು. ಬಿಸಿಲಿಗೆ ಸ್ಟೇರಿಂಗ್ ಮುಟ್ಟಲಾಗದೆ ಒದ್ದೆ ಟವೆಲ್ ಸುತ್ತಿಕೊಂಡು ಮರಳಿದೆ.

ಪಕ್ಕದ ಸೀಟಿನ ಟ್ರಾನ್ಸಿಸ್ಟರ್ ಹಚ್ಚಿದಾಗ ಹೆಂಗಸೊಬ್ಬಳು ಕತೆ ಓದುತ್ತಿದ್ದಳು. ಬರೆದವರ ಹೆಸರು ಆಗಲೇ ಹೇಳಿಯಾಗಿತ್ತು. ಕತೆಯಲ್ಲಿ ಮೂರನೆಯ ತರಗತಿಯ ಹುಡುಗಿ. ಅವಳ ಅಣ್ಣನಿಗೊಂದು ಅಂಗಡಿ. ಸಾಲೆ ಬಿಡು ಎಂದರೆ ಕೇಳದ ತಂಗಿಯ ನೋಟುಪುಸ್ತಕ ಹರಿದು ಅವನು ಮೊಳೆಯ ಪೊಟ್ಟಣ ಕಟ್ಟುತ್ತಾನೆ. ತನ್ನ ಅಕ್ಷರಗಳು ಗಿರಾಕಿಗಳ ಚೀಲ ಸೇರುವುದನ್ನು ಹುಡುಗಿ ಬಾಗಿಲಲ್ಲಿ ನಿಂತು ನೋಡುತ್ತಾಳೆ.

ನನ್ನ ಮೈ ಉರಿಯಿತು. ಅದು ನಾನೇ ಮಾಡಿದ ಕೆಲಸ. ಹೈಸ್ಕೂಲು ಮುಗಿಸಿದ ನಾನು, ಮನೆಗೆಲಸಕ್ಕೆಂದು ತಂಗಿ ಗಂಗಮ್ಮನ ಸಾಲೆ ಬಿಡಿಸಿದ್ದು ಹಾಗೆಯೇ. ಅವಳಲ್ಲದೆ ಇದನ್ನು ಇನ್ನಾರು ಬರೆದಾರು?

ತೆಕ್ಕಲಕೋಟೆಯಲ್ಲಿ ಚಹಾಕ್ಕೆ ನಿಂತೆ. "ಯಾಕ್ರೀ ಸಾವ್ಕಾರ್ರ, ಮಿರ್ಚಿ ಇನ್ನಾ ಬಾಣಲ್ಯಾಗ ಅದಾವು, ನಿಮ್ಮ ಮಾರಿ ಆಗ್ಲೇ ಕೆಂಪಾಗೈತಿ!" ಎಂದ ಹೋಟೆಲಿನವ. ಅರ್ಧ ಲೋಟ ಅಲ್ಲೇ ಬಿಟ್ಟು, ಬಳ್ಳಾರಿಯ ದಾರಿ ತೊರೆದು, ಗಂಗಮ್ಮನ ಗಂಡನ ಊರಾದ ಕುರುಗೋಡಿಗೆ ಜೀಪು ತಿರುಗಿಸಿದೆ. ದಾರಿಯುದ್ದಕ್ಕೂ ಧೂಳು, ಬಾಯಲ್ಲಿ ಬೈಗುಳ.

ಅವಳು ಕಟ್ಟೆಯ ಮೇಲೆ ಜೋಳ ಕೇರುತ್ತಿದ್ದಳು.

"ಏನ್ಲೇ ಗಂಗಿ, ರೇಡಿಯೋದಾಗ ನನ್ನ ಮಾನ ಕಳಿಯಾಕ ಕತಿ ಬರದೀಯೇನು?"

ಕೇಳಿದ್ದನ್ನೆಲ್ಲ ನಾನು ಒದರಿ ಮುಗಿಸುವವರೆಗೂ ಅವಳ ಕೈ ನಿಲ್ಲಲಿಲ್ಲ.

"ನಿನಗೊಂದು ಕಾಗದ ಬರಸಬೇಕಂದ್ರ ಟಪಾಲಿನವನ ಕೈಕಾಲು ಹಿಡೀತೀನಿ. ಕತಿ ಬರೀತೀನೇನಣ್ಣ? ಅದರಾಗ ನಿನ್ನ ಹೆಸರು ಹೇಳಿದ್ರೇನು?"

"ಇಲ್ಲ."

"ಮತ್ತ ನಿಂದ ಅಂತ ಹೆಂಗ ತಿಳೀತು?"

ಅವಳು ಮೊರ ಕೆಳಗಿಟ್ಟಳು. ಅಷ್ಟು ವರ್ಷಗಳಲ್ಲಿ ಅವಳ ಕಣ್ಣಲ್ಲಿ ಸಿಟ್ಟು ಕಂಡದ್ದು ಅದೇ ಮೊದಲು.

"ನನ್ನಂಥಾಕಿ ಇನ್ನೊಬ್ಬಾಕಿ ಅದಾಳ ಅಂದಂಗಾತು. ಆ ಅಣ್ಣ ಕಡೀಕಾದ್ರೂ ತಪ್ಪಾತು ಅಂದನೇನು?"

"ಇಲ್ಲ, ಅನ್ನಲಿಲ್ಲ."

"ಹಂಗಾದ್ರ ಆ ಕತಿ ಖರೇನ ಐತಿ, ಬಿಡು. ಒಳಗ ಬಾ, ರೊಟ್ಟಿ ತಿಂದು ಹೋಗು."

ಒಳಗೆ ಹೋಗಲಿಲ್ಲ. ಜೀಪು ಹತ್ತಿದೆ. ಆ ಒಂದು ಮಾತು ನಾಲಿಗೆಯ ತುದಿಗೆ ಬಂದಿತ್ತು. ಹಾಳಾದ ಗಂಡಸುತನ ಅದನ್ನು ನುಂಗಿತು. ಬಳ್ಳಾರಿಯ ಗುಡ್ಡ ಕಾಣುವವರೆಗೂ ಒಬ್ಬನೇ ಬೈದುಕೊಂಡೆ, ಈ ಸಲ ನನ್ನನ್ನೇ. ಮತ್ತೆ ಹೋಗಿ ಹೇಳಿದರಾಯಿತು ಎಂದುಕೊಂಡೆ. ಆಮೇಲೆ ಕುರುಗೋಡಿಗೆ ಹೋದದ್ದು ಅವಳ ಮಣ್ಣಿಗೆ.